ಬೆರಳಚ್ಚಿನ ಎರಡನೆಯ ಪರೀಕ್ಷೆ

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿಯ ಜನವರಿಯಲ್ಲಿ ನಾನು ಕನ್ನಡ ಬೆರಳಚ್ಚಿನ ಹಿರಿಯ ದರ್ಜೆಯ ಪರೀಕ್ಷೆಗೆ ಕುಳಿತೆ. ಕುಳಿತೆ ಎಂಬ ಕ್ರಿಯಾಪದ ಸುಲಭವಾದುದು. ಕುಳಿತುಕೊಳ್ಳುವ ತನಕದ ದಾರಿ ಹಾಗಿರಲಿಲ್ಲ. ಪರೀಕ್ಷಾರ್ಥಿಗಳು ತಮ್ಮ ತಮ್ಮ ಯಂತ್ರವನ್ನು ತಾವೇ ತರತಕ್ಕದ್ದೆಂದು ನಿಯಮವಿತ್ತು. ತಿಕೋಟಾದ ಟೈಪಿಂಗ್ ಕ್ಲಾಸಿನ ಯಂತ್ರವೊಂದನ್ನು ಬೇಡಿ ತಂದು, ನಮ್ಮ ತಂದೆಯವರ ರುಮಾಲಿನಿಂದ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಆಗಿನ ಬಿಜಾಪುರದವರೆಗೆ ಇಪ್ಪತ್ತು ಕಿಲೋಮೀಟರು ಎದುರುಗಾಳಿಯಲ್ಲಿ ತುಳಿದೆ. ತಗ್ಗು ಬಂದಾಗಲೆಲ್ಲ ಯಂತ್ರದ ಗಂಟೆ ಟಿಣ್ ಎನ್ನುತ್ತಿತ್ತು; ಆ ಸದ್ದಿಗೆ ದಾರಿಯ ದನಗಳು ತಾವಾಗಿ ಬದಿಗೆ ಸರಿಯುತ್ತಿದ್ದವು. ಪರೀಕ್ಷಾ ಕೊಠಡಿಯಲ್ಲಿ ಗಂಟು ಬಿಚ್ಚಿ ನೋಡಿದರೆ 'ರ' ಅಕ್ಷರದ ಅಚ್ಚು ಮುರಿದು ಬಿದ್ದಿತ್ತು. 'ರ' ಇಲ್ಲದೆ ಸರಕಾರದ ಪತ್ರ ಬರೆಯುವುದು ಹೇಗೆ? ಬೇರೊಬ್ಬನಾಗಿದ್ದರೆ ಅತ್ತುಬಿಡುತ್ತಿದ್ದ. ನಾನು 'ರ' ಬರಬೇಕಾದಲ್ಲೆಲ್ಲ ಒಂದು ಸೊನ್ನೆ ಒತ್ತಿ, ಹಿಂದೆ ಸರಿದು, ಅದರ ನೆತ್ತಿಗೆ ತಲೆಕಟ್ಟು ಕೂರಿಸಿದೆ. ಒಂದೇ ಒಂದು ತಪ್ಪಿಲ್ಲ. ಜಿಲ್ಲೆಗೆ ಮೊದಲಿಗ. ಆಸನ ಸಂಖ್ಯೆ ನಾಲ್ಕುನೂರಾ ಹದಿನೇಳು.

ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳುವ ಶ್ರಮವನ್ನು ನಾನು ಓದುಗರಿಗೆ ಕೊಡಲಾರೆ. ತಿಕೋಟಾದಲ್ಲಂತೂ ಅದನ್ನು ಮರೆಯುವ ಅವಕಾಶವನ್ನು ನಾನು ಯಾರಿಗೂ ಕೊಟ್ಟಿಲ್ಲ.

ಇಂತಹ ನಾನು, ಲಾಡಲೇಸಾಬ, ದ್ರಾಕ್ಷಿ ಬೆಳೆಗಾರರ ಸಂಘವೊಂದರ ಶೈತ್ಯಾಗಾರದಲ್ಲಿ ಮುಖ್ಯ ಗುಮಾಸ್ತ. ಸುತ್ತಲಿನ ಹಳ್ಳಿಗಳ ಒಣದ್ರಾಕ್ಷಿ, ಅಂದರೆ ನಮ್ಮ ಜನರ ಬಾಯಿಯ ಮಣೂಕ, ಮಳೆಗಾಳಿಗೆ ಸಿಗದಂತೆ ತಣ್ಣಗೆ ಉಳಿಯುವ ಸ್ಥಳವಿದು. ಮೊದಲು ಗೇಟ್ ಪಾಸನ್ನು ನಾನು ಕೈಯಾರೆ ಬರೆಯುತ್ತಿದ್ದೆ. ಮೂರು ವರ್ಷಗಳಿಂದ ಕಂಪ್ಯೂಟರ್ ಬರೆಯುತ್ತದೆ, ನಾನು ಅದರ ಕಾಗುಣಿತ ನೋಡುತ್ತೇನೆ. ಪಾಸು ಮುದ್ರಣವಾಗದೆ ಒಳಬಾಗಿಲು ತೆರೆಯುವುದಿಲ್ಲ. ನನ್ನ ಹೆಸರಿನಿಂದ ಪ್ರವೇಶಿಸದೆ ಪಾಸು ಮುದ್ರಣವಾಗುವುದಿಲ್ಲ. ಮೇಜಿನ ಮೇಲೆ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಶಾಯಿಯ ಡಬ್ಬಿಯನ್ನೂ ಇಟ್ಟಿದ್ದೇನೆ. ಅಕ್ಷರಭಾಗ್ಯವಿಲ್ಲದ ರೈತಬಾಂಧವರು ಹೆಬ್ಬೆಟ್ಟು ಒತ್ತಲಿ ಎಂಬುದು ನನ್ನ ಔದಾರ್ಯ.

ಏಪ್ರಿಲ್ ತಿಂಗಳ ಒಂದು ಶುಕ್ರವಾರ ವಿಜಯಪುರದ ಮುಖ್ಯ ಕಚೇರಿಯಿಂದ ಕೈನಾತ ಎಂಬ ಹುಡುಗಿ ಬಂದಳು. ಗಾಂಧಿ ಚೌಕದ ಹತ್ತಿರದ ಮನೆಯವಳು, ಇಪ್ಪತ್ನಾಲ್ಕರ ಪ್ರಾಯ, ಸಂಘದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು. ಕಚೇರಿಯೊಳಗೆ ನನ್ನನ್ನು ಸರ್ ಎಂದೂ, ಬಸ್ ನಿಲ್ದಾಣದಲ್ಲಿ ಚಾಚಾ ಎಂದೂ ಕರೆಯುವ ಮರ್ಯಾದಸ್ಥೆ. ಸೋಮವಾರದಿಂದ ಕಂಪ್ಯೂಟರ್ ಪ್ರವೇಶಕ್ಕೆ ಹೊಸ ಕಟ್ಟುಪಾಡು ಬರುವುದೆಂದು ಅವಳು ಒಂದು ಗಂಟೆ ವಿವರಿಸಿದಳಂತೆ. ಅಂತೆ ಎನ್ನಲು ಕಾರಣವಿದೆ: ಅವಳು ಹಂಚಿದ ಸುತ್ತೋಲೆಯಲ್ಲಿ ಹನ್ನೊಂದು ಕಾಗುಣಿತದ ತಪ್ಪುಗಳಿದ್ದು, ಆ ಒಂದು ಗಂಟೆ ನಾನು ಅವುಗಳನ್ನು ಕೆಂಪು ಶಾಯಿಯಲ್ಲಿ ತಿದ್ದುವುದರಲ್ಲಿ ಮಗ್ನನಾಗಿದ್ದೆ. ತಿದ್ದಿದ ಮೇಲೆ ಅದರ ಮುಖ್ಯ ವಾಕ್ಯ ಹೀಗಿತ್ತು:

'ಕಂಪ್ಯೂಟರನ್ನು ಪ್ರವೇಶಿಸುವ ಪ್ರತಿಯೊಬ್ಬರೂ ಗುಪ್ತಪದದ ಜೊತೆಗೆ, ಮೊಬೈಲಿಗೆ ಬರುವ ಆರಂಕಿಯ ಸಂಖ್ಯೆಯ ಎರಡನೆಯ ದೃಢೀಕರಣ ಪಡೆಯತಕ್ಕದ್ದು. ಮೊಬೈಲ್ ಲಭ್ಯವಿಲ್ಲದ ಪಕ್ಷದಲ್ಲಿ ಬೆರಳಚ್ಚು ಸಲ್ಲಿಸತಕ್ಕದ್ದು.'

ವಾಕ್ಯವನ್ನು ನಾನು ವ್ಯಾಕರಣಬದ್ಧವಾಗಿ ಬಿಡಿಸಿದೆ. ಪಡೆಯುವವನೊಬ್ಬನಿದ್ದರೆ ಕೊಡುವವನೊಬ್ಬ ಇರಲೇಬೇಕು. ದೃಢೀಕರಣ ಕೊಡುವವರು ಯಾರು? ನಲವತ್ತು ವರ್ಷಗಳಿಂದ ಈ ದೇಶದಲ್ಲಿ ನಾನು ಕಂಡಂತೆ, ಹಸಿರು ಶಾಯಿಯ ಪೆನ್ನೂ ದುಂಡು ಸೀಲೂ ಉಳ್ಳ ಪತ್ರಾಂಕಿತ ಅಧಿಕಾರಿಗಳು. ತನ್ನ ಸಂಖ್ಯೆಯನ್ನು ತಾನೇ ದೃಢೀಕರಿಸಿಕೊಳ್ಳುವುದು, ತನ್ನ ಮದುವೆಗೆ ತಾನೇ ಸಾಕ್ಷಿ ಹಾಕಿದಂತೆ. ಇನ್ನು ಬೆರಳಚ್ಚಿನ ವಿಷಯ. ಅದನ್ನು ನನಗೆ ವಿವರಿಸುವ ಅಗತ್ಯವೇ ಇರಲಿಲ್ಲ. ನಾನು ಅದನ್ನು ಎಂಬತ್ತಾರರಲ್ಲಿಯೇ ಸಲ್ಲಿಸಿದ್ದೇನೆಂದು ಕೈನಾತಳಿಗೆ ಹೇಳಿ, ಸೈಕಲ್ಲಿನಿಂದ ಆರಂಭಿಸಿ ಸೊನ್ನೆಯ ತಲೆಕಟ್ಟಿನವರೆಗೆ ಪೂರ್ತಿ ಕೇಳಿಸಿದೆ. ಅವಳು ಕೊನೆಯ ಬಸ್ಸು ತಪ್ಪಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕನಮಡಿಯಿಂದ ಮುದುಕವ್ವನ ಟ್ರ್ಯಾಕ್ಟರ್ ಬಂದು ಗೇಟಿನ ಮುಂದೆ ನಿಂತಿತು. ಮುದುಕವ್ವ ನನಗಿಂತ ಐದಾರು ವರ್ಷ ಹಿರಿಯಳು. ಮೂರು ಎಕರೆಯ ದ್ರಾಕ್ಷಿ ಪಡವನ್ನು ಮಗಳ ಸರಿಸಮ ದುಡಿದು ನೋಡಿಕೊಳ್ಳುವವಳು. ಟ್ರೇಲರಿನ ತುಂಬ ಹಸಿರು ಛಾಯೆಯ ಒಣದ್ರಾಕ್ಷಿ. ಮೇಲೆ ಹೊದಿಕೆಯಾಗಿ ಒಂದು ತಾಡಪಾಲ. ತಾಡಪಾಲಿನಲ್ಲಿ ಇಲಿಗಳು ಕಾಲಾಂತರದಲ್ಲಿ ಮಾಡಿದ ಕಿಟಕಿಗಳು. ಪಶ್ಚಿಮಕ್ಕೆ ಅಕಾಲದ ಮೋಡ ಕಟ್ಟುತ್ತಿತ್ತು. ಒಣಗಿದ ದ್ರಾಕ್ಷಿಗೆ ಒಂದು ಮಳೆ ಬಿದ್ದರೆ ಬಣ್ಣ ಕಪ್ಪಾಗುತ್ತದೆ, ಎರಡು ಬಿದ್ದರೆ ಬೂಷ್ಟು ಹಿಡಿಯುತ್ತದೆ. ವರ್ಷವಿಡೀ ದುಡಿದದ್ದು ಒಂದು ಗಂಟೆಯಲ್ಲಿ ದನದ ಮುಂದಿನ ಮೇವಾಗುತ್ತದೆ.

ನಾನು ಅರ್ಜಿಯ ಜೊತೆಗೆ ಶಾಯಿಯ ಡಬ್ಬಿಯನ್ನೂ ಅವಳ ಕಡೆ ಸರಿಸಿದೆ. ಅವಳು ಡಬ್ಬಿಯನ್ನು ನನ್ನ ಕಡೆಗೇ ಮರಳಿ ಸರಿಸಿದಳು.

"ಪೆನ್ನ ಕೊಡ್ರಿ ಯಪ್ಪಾ. ಮೊಮ್ಮಗಳ ಕೈಲೆ ಎರಡ ವರ್ಷ ಬೈಸ್ಕೊಂಡ ಸಹಿ ಕಲ್ತೇನಿ. ಹೆಬ್ಬಟ್ಟು ನಮ್ಮ ಅತ್ತಿ ಕಾಲಕ್ಕ ಮುಗೀತು."

ಅವಳು ಎಂಟು ನಿಮಿಷ ತೆಗೆದುಕೊಂಡು ನಾಲ್ಕು ಅಕ್ಷರ ಬರೆದಳು. ನಾನು 'ದು'ವಿನ ಕೊಂಬನ್ನು ಪರೀಕ್ಷಿಸಿ, ವಕಾರಕ್ಕೆ ಒತ್ತು ಇರುವುದನ್ನು ಕಂಡು, ತಲೆದೂಗಿ, ಕಂಪ್ಯೂಟರಿಗೆ ಗುಪ್ತಪದ ಒತ್ತಿದೆ. ಪರದೆಯ ಮೇಲೆ ಸಂಖ್ಯೆ ಕಳುಹಿಸಲಾಗಿದೆ ಎಂಬ ವಾಕ್ಯ ಮೂಡಿತು. ಮೊಬೈಲು ಕುಯ್ ಎಂದಿತು. ಆರಂಕಿ ಬಂದಿತ್ತು. ಅದನ್ನು ಆ ಕೂಡಲೇ ಪೆಟ್ಟಿಗೆಯಲ್ಲಿ ಒತ್ತಿಬಿಡುವಷ್ಟು ಅವಿವೇಕಿ ನಾನಲ್ಲ. ಉದ್ದನೆಯ ಹಾಳೆಯೊಂದರಲ್ಲಿ, 'ಮೇಲ್ಕಾಣಿಸಿದ ಆರಂಕಿಯ ಸಂಖ್ಯೆಯು ಅರ್ಜಿದಾರನದೇ ಇರುವುದೆಂದು ದೃಢೀಕರಿಸಲಾಗಿದೆ' ಎಂದು ದುಂಡಗೆ ಬರೆದು, ಕೆಳಗೆ ಸೀಲಿಗೆ ಜಾಗ ಬಿಟ್ಟು, ಜವಾನ ರಾಮಲಿಂಗನಿಗೆ ಮೋಟಾರ್ ಸೈಕಲ್ ತೆಗೆಯಲು ಹೇಳಿದೆ.

"ಎಲ್ಲಿಗಿರಿ ಸಾಹೇಬ್ರ?" ಎಂದ ರಾಮಲಿಂಗ.

ತಿಕೋಟಾದಲ್ಲಿ ನನಗೆ ಪರಿಚಯವಿದ್ದ ಅಧಿಕಾರಿ ರಜೆಯಲ್ಲಿದ್ದರು. ಬಬಲೇಶ್ವರದ ಕಡೆ ನನಗೆ ಗೊತ್ತಿದ್ದ ಪಶುವೈದ್ಯರೊಬ್ಬರು ಪತ್ರಾಂಕಿತರು. ಅಲ್ಲಿಗೆ, ಎಂದೆ. ಗುಪ್ತಪದಕ್ಕೂ ದನದ ಡಾಕ್ಟರಿಗೂ ಏನು ಸಂಬಂಧವೆಂದು ಕೇಳುವಷ್ಟು ಉಸಿರು ತೆಗೆದುಕೊಂಡ ರಾಮಲಿಂಗ, ನನ್ನ ಮುಖ ನೋಡಿ ಆ ಉಸಿರನ್ನು ಹಾಗೆಯೇ ಬಿಟ್ಟ. ಮುದುಕವ್ವ ಮಾತ್ರ ಮೋಡದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, ಲಗೂನ ಬರ್ರಿ ಎಂದಳು.

ಬಬಲೇಶ್ವರ ತಲುಪಿದಾಗ ಡಾಕ್ಟರರ ಬಲಗೈ ಭುಜದವರೆಗೆ ಒಂದು ಎಮ್ಮೆಯ ಹಿಂಭಾಗದೊಳಗಿತ್ತು. ಎಮ್ಮೆ ಗಬ್ಬವೋ ಅಲ್ಲವೋ ಎಂಬುದು ಪರೀಕ್ಷೆಯಲ್ಲಿತ್ತು. ನಾನು ಹಾಳೆಯನ್ನು ಅವರ ಕಣ್ಣೆದುರು ಹಿಡಿದೆ.

"ಯಾವ ಎಮ್ಮಿದ್ರಿ ಇದು?" ಎಂದರು ಡಾಕ್ಟರು.

ಎಮ್ಮೆಯದಲ್ಲ, ಈ ಸಂಖ್ಯೆ ನನ್ನದು ಎಂದೆ.

"ನಿಮಗ ಯಾವಾಗ ಕಿವಿಗೆ ಬಿಲ್ಲೆ ಹೊಡದ್ರು?" ಎಂದು ಅವರು ನನ್ನ ಕಿವಿಯನ್ನು ಬಗ್ಗಿ ನೋಡಿದರು. ದನಗಳ ಬಿಲ್ಲೆಗೆ ಹನ್ನೆರಡು ಅಂಕಿ ಇರುತ್ತದೆಂದೂ, ಆರೇ ಅಂಕಿಯಾದರೆ ಅರ್ಧ ಬಿದ್ದುಹೋಗಿರಬೇಕೆಂದೂ ಅವರ ಅಭಿಪ್ರಾಯವಾಗಿತ್ತು. ಅಂದು ನನಗೆ ತಗುಲಿದ ಆಘಾತಗಳಲ್ಲಿ ಇದು ಮೊದಲನೆಯದು. ಮನುಷ್ಯನೊಬ್ಬ ತಾನು ಮನುಷ್ಯನೆಂದು ಸಾಧಿಸಬೇಕಾಗಿ ಬಂದಾಗ ತನ್ನ ಚರಿತ್ರೆಯನ್ನಲ್ಲದೆ ಇನ್ನೇನನ್ನು ಮುಂದಿಡಬೇಕು? ನಾನು ಎಂಬತ್ತಾರನೆಯ ಇಸವಿಯಿಂದ ಆರಂಭಿಸಿದೆ. ಕೈ ಹೊರಗೆ ತೆಗೆಯುವಂತಿರಲಿಲ್ಲವಾದ್ದರಿಂದ ಡಾಕ್ಟರು ರುಮಾಲು, ಎದುರುಗಾಳಿ, ಮುರಿದ 'ರ', ನಾಲ್ಕುನೂರಾ ಹದಿನೇಳು, ಎಲ್ಲವನ್ನೂ ಕೇಳಿದರು. ಎಮ್ಮೆಯೂ ಕೇಳಿತು. ಕಡೆಗೆ ಡಾಕ್ಟರು ಎಡಗೈಯಿಂದಲೇ ಸಹಿ ಎಳೆದು, ಸೀಲು ಒತ್ತಲು ಕಾಂಪೌಂಡರನಿಗೆ ಕೂಗಿ ಹೇಳಿ, ನಮ್ಮನ್ನು ಬೀಳ್ಕೊಟ್ಟರು. ಬೀಳ್ಕೊಡುವಾಗ ಅವರ ಮುಖದಲ್ಲಿದ್ದ ನಿರಾಳವನ್ನು ಎಮ್ಮೆ ಗಬ್ಬವಾಗಿರುವುದರ ಸಂತೋಷವೆಂದು ನಾನು ತಿಳಿದೆ.

ತಿಕೋಟಾಕ್ಕೆ ಮರಳುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಆಕಾಶ ಎಮ್ಮೆಯ ಬಣ್ಣಕ್ಕೆ ತಿರುಗಿತ್ತು. ಗೇಟಿನಲ್ಲಿ ಮುದುಕವ್ವನ ಹಿಂದೆ ಇನ್ನೂ ನಾಲ್ಕು ಟ್ರ್ಯಾಕ್ಟರುಗಳು ಸೇರಿಕೊಂಡಿದ್ದವು. ಚಹಾದಂಗಡಿಯ ಜಿಲಾನಿ ಅಂಗಡಿಯನ್ನೇ ಹೊತ್ತು ತಂದವನಂತೆ ಕೆಟಲಿ ಹಿಡಿದು ನಿಂತಿದ್ದ. ಮುದುಕವ್ವ ಕುಂಕುಮದ ಚೀಲದಷ್ಟು ಸಣ್ಣ ಚೀಲಗಳನ್ನು ಕೂಡ ಬಿಡದೆ ತಾಡಪಾಲಿನ ಒಂದೊಂದು ತೂತಿಗೆ ತುರುಕುತ್ತಿದ್ದಳು. ಎಲ್ಲರೂ ನನ್ನ ಹಿಂದೆ ಕಚೇರಿಗೆ ನುಗ್ಗಿದರು. ನಾನು ದೃಢೀಕೃತ ಹಾಳೆಯನ್ನು ಕಂಪ್ಯೂಟರಿಗೆ ಒರಗಿಸಿ, ಸಾವಕಾಶವಾಗಿ ಆರು ಅಂಕಿಗಳನ್ನು ಒತ್ತಿದೆ.

'ಅವಧಿ ಮುಗಿದಿದೆ. ಹೊಸ ಸಂಖ್ಯೆ ಕಳುಹಿಸಲಾಗಿದೆ.'

ನಾಲ್ಕು ತಾಸಿನೊಳಗೆ ಅವಧಿ ಮುಗಿಯುವ ಸರಕಾರಿ ದೃಢೀಕರಣವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅಷ್ಟರಲ್ಲಿ ಮುದುಕವ್ವ ಹಾಳೆಯ ಹತ್ತಿರ ಬಗ್ಗಿ, ಹೊಸದಾಗಿ ಓದು ಕಲಿತವರು ಓದುವಂತೆ, ಸೀಲಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

"ಕಾಲು... ಬಾಯಿ... ಬೇನಿ. ಲಸಿಕೆ ಹಾಕಲಾಗಿದೆ."

ಯಾರೂ ನಗಲಿಲ್ಲ. ಕಾಂಪೌಂಡರನು ಕೈಗೆ ಸಿಕ್ಕ ಸೀಲು ಒತ್ತಿದ್ದ. ಜಿಲಾನಿ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದು, ನೋವು ಆತೇನ್ರಿ ಎಂದು ಕೇಳಿದ.

ನಾನು ಆ ಪ್ರಶ್ನೆಯನ್ನು ಉಪೇಕ್ಷಿಸಿ, ಹೊಸ ಸಂಖ್ಯೆಗಾಗಿ ಜೇಬಿಗೆ ಕೈ ಹಾಕಿದೆ. ಮೊಬೈಲು ಇರಲಿಲ್ಲ. ಎರಡನೆಯ ಜೇಬಿನಲ್ಲಿಯೂ ಇರಲಿಲ್ಲ. ಎಮ್ಮೆಯ ಪಕ್ಕದ ಮೇಜಿನ ಮೇಲೆ, ಸೂಜಿಗಳ ತಟ್ಟೆಯಲ್ಲಿ ಅದನ್ನು ಇಟ್ಟಿದ್ದು ಕಣ್ಣಿಗೆ ಕಟ್ಟಿತು. ಇದು ಎರಡನೆಯ ಆಘಾತವೋ ಮೂರನೆಯದೋ, ನಾನು ಎಣಿಕೆ ತಪ್ಪಿದ್ದೆ.

ರಾಮಲಿಂಗ ತನ್ನ ಮೊಬೈಲಿನಿಂದ ನನ್ನ ಮೊಬೈಲಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಡಾಕ್ಟರೇ ಎತ್ತಿದರು. ನಾನು ಲಾಡಲೇಸಾಬ, ಈಗ ಬಂದ ಸಂಖ್ಯೆಯನ್ನು ದಯವಿಟ್ಟು ಓದಿ ಎಂದೆ.

"ಓದಿದೆ. ಹೇಳೂದಿಲ್ಲ," ಎಂದರು ಡಾಕ್ಟರು. "ಯಾರಿಗೂ ಹೇಳಬ್ಯಾಡ್ರಿ ಅಂತ ಬರದಾರ."

ಯಾರಿಗೂ ಎಂದರೆ ಪರರಿಗೆ, ಸಂಖ್ಯೆಯೇ ನನ್ನದು ಎಂದೆ.

"ಲಾಡಲೇಸಾಬ್ರನ್ನ ಬಿಟ್ಟು ಅಂತ ಎಲ್ಲಿ ಐತ್ರಿ? ವ್ಯಾಕರಣ ನೀವ ನೋಡ್ರಿ. ಮತ್ತ, ನೀವ ಲಾಡಲೇಸಾಬ್ರು ಅನ್ನೂದಕ್ಕ ಏನ ಖೂನ? ಫೋನ್ ನೋಡಿದ್ರ ರಾಮಲಿಂಗಂದು."

ವ್ಯಾಕರಣದಲ್ಲಿ ನನ್ನನ್ನು ಸೋಲಿಸಿದ ಮೊದಲ ಪಶುವೈದ್ಯರು ಅವರು. ಗುರುತಿಗೆ ಏನು ಬೇಕಾದರೂ ಕೇಳಿ ಪರೀಕ್ಷಿಸಿಕೊಳ್ಳಿ ಎಂದೆ. ಡಾಕ್ಟರು ಸ್ವಲ್ಪ ಯೋಚಿಸಿ, ಹಂಗಾರ ಎಂಬತ್ತಾರನೇ ಇಸವಿ ಸೀಟ್ ನಂಬರ್ ಎಷ್ಟು ಹೇಳ್ರಿ, ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಐದು ಟ್ರ್ಯಾಕ್ಟರುಗಳ ಜನ, ರಾಮಲಿಂಗ, ಜಿಲಾನಿ, ಕಿಟಕಿಯ ಹೊರಗೆ ನಿಂತಿದ್ದ ಹಮಾಲರು, ಶಾಲೆಯಲ್ಲಿ ಮಗ್ಗಿ ಹೇಳುವಂತೆ ಒಕ್ಕೊರಲಿನಿಂದ ಕೂಗಿದರು:

"ನಾಕನೂರಾ ಹದಿನೇಳು."

ಮೊಬೈಲಿನ ಆ ಕಡೆಯಿಂದ ಡಾಕ್ಟರರ ದನಿ ಬಂತು. "ಊರಿಗೇ ಗೊತ್ತಿದ್ದದ್ದು ಖೂನ ಹೆಂಗ ಆಕ್ಕೈತ್ರಿ?" ಎಂದು ಅವರು ಕರೆ ಕತ್ತರಿಸಿದರು.

"ಅದ ನಂಬರನ್ನ ಸಾಹೇಬ್ರು ಪಾಸವರ್ಡೂ ಇಟ್ಟಾರಲ್ಲ," ಎಂದಳು ಮುದುಕವ್ವ, ಪಕ್ಕದವಳಿಗೆ, ಹವಾಮಾನದ ಸುದ್ದಿ ಹೇಳಿದಂತೆ.

ಗುಪ್ತಪದವೆಂಬುದು ಹೆಂಡತಿಗೂ ಹೇಳಬಾರದ್ದು. ನಮ್ಮ ದಾವಲಬಿಗೆ ನಾನು ಇದುವರೆಗೆ ಹೇಳಿಲ್ಲ. ಇದು ನಿನಗೆ ಹೇಗೆ ಗೊತ್ತೆಂದು ಕೇಳಿದೆ. ಮರೆಯಬಾರದೆಂದು ಆ ಸಂಖ್ಯೆಯನ್ನೇ ಇಟ್ಟಿದ್ದೇನೆಂದು ಹೋದ ವರ್ಷ ಸರದಿಯಲ್ಲಿ ನಿಂತವರಿಗೆಲ್ಲ ನಾನೇ ಹೇಳಿದ್ದೆನಂತೆ. ಕಥೆಯ ಕೊನೆಯಲ್ಲಿ. ರಾಮಲಿಂಗ ನೆಲ ನೋಡುತ್ತ ಇನ್ನೊಂದು ಮಾತು ಸೇರಿಸಿದ.

"ನೀವು ರಜಾ ಹಾಕಿದ ದಿನಾ ಗೇಟ್ ಪಾಸ್ ಯಾರ ಕೊಡ್ತಿದ್ರು ಅಂದ್ಕೊಂಡೀರಿ ಸಾಹೇಬ್ರ? ನಾನ ಕೊಡ್ತಿದ್ದೆ. ಒಮ್ಮೆ ನಾ ಊಟಕ್ಕ ಹೋದಾಗ ಜಿಲಾನಿ ಕೊಟ್ಟಾನ. ಇವತ್ತ ಮುಂಜಾನೇನೂ ನೀವು ಬರೂಕಿಂತ ಮೊದಲ ಹೊಡದ ನೋಡೀನ್ರಿ. ಆ ಆರಂಕಿ ಇಲ್ದ ಒಳಗ ಬಿಡವಲ್ದು."

"ಅದಕ್ಕ ಸರ್ ಎರಡನೇದು ಇಟ್ಟಿದ್ದು," ಎಂದಿತು ಬಾಗಿಲಿನ ಕಡೆಯಿಂದ ಒಂದು ದನಿ.

ಕೈನಾತ ನಿಂತಿದ್ದಳು. ಬೆಳಗಿನಿಂದ ತಿಕೋಟಾದ ಒಂದೂ ಪಾಸು ಮುದ್ರಣವಾಗಿಲ್ಲವೆಂದು ವಿಜಯಪುರದಲ್ಲಿ ಕಂಡ ವ್ಯವಸ್ಥಾಪಕ ಸತೀಶಕುಮಾರರು ಅವಳನ್ನು ಸಿಕ್ಕ ಬಸ್ಸಿಗೆ ಹತ್ತಿಸಿ ಕಳುಹಿಸಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಊರು ನನ್ನ ಗುಪ್ತಪದವನ್ನು ಕೂಗಿದ್ದನ್ನು ಪೂರ್ತಿಯಾಗಿ ಕೇಳಿದ್ದಳು. ಯಾವ ದೃಢೀಕರಣವೂ ಯಾರಿಂದಲೂ ಪಡೆಯತಕ್ಕದ್ದಲ್ಲವೆಂದೂ, ಸಂಖ್ಯೆ ಬಂದ ಕೂಡಲೇ ಪೆಟ್ಟಿಗೆಯಲ್ಲಿ ಒತ್ತಿದರೆ ಮುಗಿಯಿತೆಂದೂ, ಅದರ ಆಯುಷ್ಯ ಒಂದೇ ನಿಮಿಷವೆಂದೂ ಅವಳು ತಿಳಿಸಿದಳು. ಡಾಕ್ಟರು ಮಾಡಿದ್ದೇ ಸರಿಯಂತೆ. ಇಡೀ ಜಿಲ್ಲೆಯಲ್ಲಿ ನಿಯಮ ಪಾಲಿಸಿದವರು ಅವರೊಬ್ಬರೇ.

ಮೊದಲ ಹನಿ ತಗಡಿನ ಮೇಲೆ ಬಿತ್ತು. ಆ ಸದ್ದಿಗೆ ಎಲ್ಲರೂ ತಲೆಯೆತ್ತಿದರು. ಮುದುಕವ್ವ ಎತ್ತಲಿಲ್ಲ, ಅವಳು ನನ್ನನ್ನೇ ನೋಡುತ್ತಿದ್ದಳು.

"ಯಪ್ಪಾ, ಬೈಯುದು ಆಮ್ಯಾಲೆ ಬೈತೇನಿ. ಮೊದಲ ಮಣೂಕ ಒಳಗ ಹೋಗ್ಲಿ," ಎಂದಳು.

ಬಬಲೇಶ್ವರಕ್ಕೆ ಹೋಗಿ ಮೊಬೈಲು ತರುವ ಹೊತ್ತಿರಲಿಲ್ಲ. ಕೈನಾತ ತನ್ನ ಚೀಲಕ್ಕೆ ಕೈ ಹಾಕುತ್ತ, ಚಿಂತೆ ಬೇಡ, ಮೊಬೈಲ್ ಇಲ್ಲದವರಿಗೆ ಬೆರಳಚ್ಚಿನ ವ್ಯವಸ್ಥೆ ಇದೆ, ಸರ್ ಈಗ ಬೆರಳಚ್ಚು ಕೊಟ್ಟರಾಯಿತು ಎಂದಳು.

ನನ್ನ ಮೈಯಲ್ಲಿ ಎಂಬತ್ತಾರನೆಯ ಇಸವಿಯ ರಕ್ತ ಹರಿಯಿತು. ಕುರ್ಚಿಯನ್ನು ಎಳೆದುಕೊಂಡೆ. ತೋಳು ಮಡಚಿದೆ. ಬೆರಳುಗಳ ನೆಟಿಗೆ ಮುರಿದೆ. ನಿಮಿಷಕ್ಕೆ ಎಷ್ಟು ಪದಗಳ ವೇಗ ಬೇಕು, ಪಾಠ ಯಾವುದು ಎಂದು ಕೇಳಿದೆ. ಕೈನಾತ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಕಪ್ಪು ಡಬ್ಬಿಯನ್ನು ನನ್ನ ಮುಂದಿಟ್ಟಳು. ಅದರಲ್ಲಿ ಕೀಲಿಗಳಿರಲಿಲ್ಲ. ಒಂದು ಸಣ್ಣ ಗಾಜು ಮಾತ್ರ ಕೆಂಪಗೆ ಹೊಳೆಯುತ್ತಿತ್ತು.

"ಇದರ ಮ್ಯಾಲ ಹೆಬ್ಬಟ್ಟು ಒತ್ರಿ ಸರ್."

ಕನ್ನಡ ಭಾಷೆ ನನ್ನನ್ನು ಹೀಗೆ ಕೈಬಿಡಬಹುದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಟೈಪಿಂಗಿಗೂ ಬೆರಳಚ್ಚು, ಹೆಬ್ಬೆಟ್ಟಿಗೂ ಬೆರಳಚ್ಚು. ಒಂದೇ ಪದ, ಮೇಲೊಂದು ಕಿರೀಟ, ಕೆಳಗೊಂದು ಹಳ್ಳ. ಜಿಲ್ಲೆಗೆ ಮೊದಲಿಗನಾದವನು, ನಲವತ್ತು ವರ್ಷ ಪರರ ಮುಂದೆ ಶಾಯಿಯ ಡಬ್ಬಿ ಸರಿಸಿದವನು, ಊರ ಸಮಕ್ಷಮದಲ್ಲಿ ಹೆಬ್ಬೆಟ್ಟು ಒತ್ತುವುದೇ? ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಮುದುಕವ್ವನ ಮಗಳು ತನ್ನ ಸೆರಗನ್ನು ಬಿಚ್ಚಿ ತಾಡಪಾಲಿನ ದೊಡ್ಡ ತೂತಿನ ಮೇಲೆ ಹರವಿ, ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದಳು.

ನಾನು ಬಲಗೈಯ ಹೆಬ್ಬೆರಳನ್ನು ಗಾಜಿನ ಮೇಲಿಟ್ಟೆ.

ಡಬ್ಬಿ ಬೇಡವೆಂದಿತು. ಮತ್ತೆ ಇಟ್ಟೆ. ಮತ್ತೆ ಬೇಡವೆಂದಿತು. ಕೈನಾತ ನನ್ನ ಹೆಬ್ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಅಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಪದ ಪದಗಳ ನಡುವೆ ಜಾಗ ಬಿಡುವ ಪಟ್ಟಿಯನ್ನು ಕುಟ್ಟಿ ಕುಟ್ಟಿ ಅದು ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಹೆಬ್ಬೆಟ್ಟು ಒತ್ತಲು ಒಪ್ಪಿದವನಿಗೆ ಹೆಬ್ಬೆಟ್ಟೂ ಇಲ್ಲದಂತಾಯಿತು. ಇನ್ನು ಮುಂದೆ ಆಘಾತಪಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

"ಟೈಪ್ ಮಾಡುವಾಗ ಎಡಗೈ ಹೆಬ್ಬಟ್ಟು ಏನ್ ಮಾಡ್ತೈತ್ರಿ ಸರ್?" ಎಂದಳು ಕೈನಾತ.

ಏನೂ ಮಾಡುವುದಿಲ್ಲ ಎಂದೆ. ಹತ್ತರಲ್ಲಿ ಅದೊಂದೇ ಸೋಮಾರಿ. ಅದನ್ನು ಇಡಲು ಹೇಳಿದಳು. ಇಟ್ಟೆ. ನಲವತ್ತು ವರ್ಷ ಕೆಲಸವಿಲ್ಲದೆ ಕುಳಿತಿದ್ದ ನನ್ನ ಎಡಗೈಯ ಹೆಬ್ಬೆರಳನ್ನು ಯಂತ್ರ ನೋಡಿತು, ಆಧಾರಿನಲ್ಲಿದ್ದ ಗುರುತಿಗೆ ಹೋಲಿಸಿತು, ಹಸಿರಾಯಿತು, ಇವನೇ ಲಾಡಲೇಸಾಬನೆಂದು ಒಪ್ಪಿತು. ಮುದ್ರಕ ಕಿರ್ ಎಂದಿತು. ಮುದುಕವ್ವ ಪಾಸಿನ ಕೆಳಗೆ ಈ ಸಲ ಮೂರೇ ನಿಮಿಷದಲ್ಲಿ ಸಹಿ ಮಾಡಿ, ಪೆನ್ನನ್ನು ನನ್ನ ಕೈಗೆ ಕೊಟ್ಟು, ಹೊರಗೆ ಓಡುತ್ತಲೇ ತಿರುಗಿ ಹೇಳಿದಳು.

"ನಾ ಸಹಿ ಮಾಡೀನಿ, ಸಾಹೇಬ್ರು ಹೆಬ್ಬಟ್ಟು ಒತ್ಯಾರ. ಕನಮಡಿಯಾಗ ಹೇಳಿದ್ರ ಯಾರೂ ನಂಬಂಗಿಲ್ಲ."

ನಂಬದಿದ್ದರೆ ಒಳ್ಳೆಯದೆಂದು ನಾನು ಪ್ರಾರ್ಥಿಸಿದೆ. ಅವಳ ಟ್ರೇಲರಿನ ಹಿಂದಿನ ಗಾಲಿ ಮಾಡಿನ ಕೆಳಗೆ ಬರುವುದಕ್ಕೂ ಮಳೆ ಧೋ ಎಂದು ಸುರಿಯುವುದಕ್ಕೂ ಸರಿಹೋಯಿತು. ಉಳಿದ ನಾಲ್ಕು ಟ್ರ್ಯಾಕ್ಟರುಗಳೂ ನನ್ನ ಎಡಗೈಯ ಕೃಪೆಯಿಂದ ಒಂದರ ಹಿಂದೊಂದು ಒಳಸೇರಿದವು. ಕಡೆಯದರ ಮೇಲಿನ ಎರಡು ಚೀಲ ನೆನೆದವು. ಮುದುಕವ್ವನ ಒಂದು ಹಣ್ಣೂ ನೆನೆಯಲಿಲ್ಲ.

ಆಮೇಲೆ ಕೈನಾತ ನನಗೆ ಹೊಸ ಗುಪ್ತಪದ ಇಡಲು ಹೇಳಿದಳು. ನಾನು ಇಡುವಾಗ ಎಲ್ಲರೂ ಗೋಡೆಯ ಕಡೆ ಮುಖ ಮಾಡತಕ್ಕದ್ದೆಂದು ಆಜ್ಞೆ ಮಾಡಿದಳು. ರಾಮಲಿಂಗ ತಿರುಗಿದ, ಕೆಟಲಿಯೊಂದಿಗೆ ಜಿಲಾನಿ ತಿರುಗಿದ, ಮುದುಕವ್ವನೂ ಮಗಳೂ ತಿರುಗಿದರು, ಕೈನಾತಳೂ ತಿರುಗಿದಳು. ಅಷ್ಟು ಬೆನ್ನುಗಳ ನಡುವೆ ಕುಳಿತು ನಾನು ಹೊಸ ಗುಪ್ತಪದ ಒತ್ತಿದೆ. ಅದು ಏನೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮಳೆ ನಿಲ್ಲುವವರೆಗೆ ಯಾರೂ ಹೊರಡುವಂತಿರಲಿಲ್ಲ. ಜಿಲಾನಿ ಎಲ್ಲರಿಗೂ ಚಹಾ ಹಾಕಿದ. ಇಂತಹ ಮಳೆ, ಇಷ್ಟು ಜನ, ಕೈಯಲ್ಲಿ ಚಹಾ: ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ನಾನು ಸೈಕಲ್ಲಿಗೆ ಯಂತ್ರ ಬಿಗಿಯುತ್ತಿದ್ದೆ. ಅಂದು ನಾನು ಕಪ್ಪಿನೊಳಗೆ ನೋಡುತ್ತ ಸುಮ್ಮನೆ ಕುಳಿತೆ. ಮೇಜಿನ ಮೇಲಿದ್ದ ಶಾಯಿಯ ಡಬ್ಬಿಯನ್ನು ತೆಗೆದು ಕಪಾಟಿನಲ್ಲಿ ಇಟ್ಟೆ. ಮತ್ತೆ ಬಂದು ಕುಳಿತೆ. ಮಾತಿಲ್ಲದ ಆ ಕಚೇರಿ ನನಗಿಂತ ಹೆಚ್ಚಾಗಿ ಉಳಿದವರಿಗೆ ಹೊಸದಾಗಿ ಕಂಡಿರಬೇಕು. ರಾಮಲಿಂಗ ಎರಡು ಸಲ ಕೆಮ್ಮಿದ.

ಕೈನಾತ ತನ್ನ ಕಪ್ಪನ್ನು ಕೆಳಗಿಟ್ಟು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಕಚೇರಿಯೊಳಗೇ ಇದ್ದರೂ ಸರ್ ಎನ್ನಲಿಲ್ಲ.

"ಚಾಚಾ, ಆ ಸೈಕಲ್ ಮ್ಯಾಲಿನ ಕತಿ ಇನ್ನೊಮ್ಮೆ ಹೇಳ್ರಿ," ಎಂದಳು. "ನಂಬರ್ ಅಷ್ಟ ಬಿಟ್ಟು."